ಬ್ರಿಟನ್ನಿನಲ್ಲಿ ದಂತವೈದ್ಯರ ಕೆಲಸ ಮತ್ತು ವೀಸಾ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದಲ್ಲಿ ಬಿಡಿಎಸ್ ಮುಗಿಸಿ ಬ್ರಿಟನ್ನಿಗೆ ಹೊರಡಲು ಸಿದ್ಧರಾದವರು ಮೊದಲು ಕೇಳುವುದು ವೀಸಾ ಬಗ್ಗೆ. ಆದರೆ ಅವರ ವರ್ಷಗಳನ್ನು ತಿನ್ನುವುದು ವೀಸಾ ಅಲ್ಲ, ವೃತ್ತಿ ನೋಂದಣಿ. ಇವೆರಡನ್ನೂ ಬೇರೆ ಬೇರೆ ಸಂಸ್ಥೆಗಳು ನೋಡಿಕೊಳ್ಳುತ್ತವೆ, ಒಂದು ಸಿಕ್ಕಿತೆಂದು ಇನ್ನೊಂದು ತಾನಾಗಿ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಸಾಲ ಮಾಡಿ ವಿಮಾನ ಹತ್ತಿದವರ ಪಾಡು ಕಂಡು ಮನಸ್ಸು ನೊಂದಿದೆ. ಅದಕ್ಕಾಗಿಯೇ ಈ ಪ್ರಶ್ನೋತ್ತರ. ಶುಲ್ಕ ಮತ್ತು ಸಂಬಳದ ಮಿತಿಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ದಿನ ಬ್ರಿಟನ್ ಸರ್ಕಾರದ ಮತ್ತು ಜನರಲ್ ಡೆಂಟಲ್ ಕೌನ್ಸಿಲ್‌ನ ಜಾಲತಾಣಗಳನ್ನು ತೆರೆದು ಅಂಕಿಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಮೊದಲು ವೀಸಾ ಮಾಡಿಸಬೇಕೋ, ನೋಂದಣಿಯೋ?

ನೋಂದಣಿ. ಬ್ರಿಟನ್ನಿನಲ್ಲಿ ರೋಗಿಯ ಬಾಯಿಗೆ ಕೈ ಹಾಕಬೇಕಾದರೆ ಜನರಲ್ ಡೆಂಟಲ್ ಕೌನ್ಸಿಲ್‌ನ, ಎಲ್ಲರೂ ಹೇಳುವಂತೆ ಜಿಡಿಸಿಯ, ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. 1984ರ ದಂತವೈದ್ಯರ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ಹೆಸರಿಲ್ಲದೆ ಚಿಕಿತ್ಸೆ ಕೊಡುವುದು ಅಪರಾಧ. ಕೆಲಸದ ವೀಸಾ ಬೇಕಾದರೆ ಕೆಲಸ ಕೊಡುವವರು ಬೇಕು, ದಂತವೈದ್ಯರ ಕೆಲಸ ಕೊಡುವವರು ಮೊದಲು ಕೇಳುವುದು ನಿಮ್ಮ ಜಿಡಿಸಿ ಸಂಖ್ಯೆಯನ್ನು. ಹಾಗಾಗಿ ಪರೀಕ್ಷೆ, ನೋಂದಣಿ, ಕೆಲಸ, ಪ್ರಾಯೋಜಕತ್ವ, ವೀಸಾ ಎಂಬ ಅನುಕ್ರಮದಲ್ಲೇ ಸಾಗಬೇಕು. ನೋಂದಣಿಯೇ ಇಲ್ಲದವರಿಗೆ ದಂತವೈದ್ಯರ ವೀಸಾ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಮಾತು ಅಲ್ಲಿಗೇ ನಿಲ್ಲಿಸಿ ಎದ್ದುಬನ್ನಿ.

ನನ್ನ ಪದವಿಗೆ ಅಲ್ಲಿ ಮಾನ್ಯತೆ ಇಲ್ಲವೇ?

ನೇರವಾಗಿ ಇಲ್ಲ. ಯುರೋಪಿಯನ್ ಆರ್ಥಿಕ ವಲಯದ ಹಲವು ಪದವಿಗಳಿಗೆ ಬ್ರೆಕ್ಸಿಟ್ ನಂತರವೂ ಪರೀಕ್ಷೆಯಿಲ್ಲದೆ ಮಾನ್ಯತೆ ಕೊಡುವ ವ್ಯವಸ್ಥೆ ಮುಂದುವರಿದಿದೆ. ಭಾರತದ ಬಿಡಿಎಸ್ ಪದವೀಧರರು ಪರೀಕ್ಷೆ ಬರೆಯಲೇಬೇಕು. ಅದು ಒಆರ್‌ಇ, ಅಂದರೆ ಹೊರದೇಶದಲ್ಲಿ ಓದಿದವರ ನೋಂದಣಿ ಪರೀಕ್ಷೆ, ಆಗಿರಬಹುದು, ಅಥವಾ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ನಡೆಸುವ ಎಲ್‌ಡಿಎಸ್ ಆಗಿರಬಹುದು. ಎರಡರಲ್ಲಿ ಯಾವುದು ಪಾಸಾದರೂ ಪೂರ್ಣ ನೋಂದಣಿಗೆ ಅರ್ಜಿ ಹಾಕಬಹುದು. ಒಂದು ಶ್ರೇಷ್ಠ, ಇನ್ನೊಂದು ಕಡಿಮೆ ಎಂಬ ಮಾತಿಗೆ ಆಧಾರವಿಲ್ಲ. ಯಾವುದರಲ್ಲಿ ಮೊದಲು ಜಾಗ ಸಿಗುತ್ತದೋ ಅದನ್ನು ಹಿಡಿಯಿರಿ.

ಒಆರ್‌ಇ ಹೇಗಿರುತ್ತದೆ?

ಪರೀಕ್ಷೆಯ ಅರ್ಜಿಯ ಹಂತದಲ್ಲೇ ಎರಡು ಷರತ್ತುಗಳಿವೆ. ಒಂದು ಇಂಗ್ಲಿಷ್: ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಬರಬಾರದು. ಇನ್ನೊಂದು, ರೋಗಿಗಳಿಗೆ ಕುರ್ಚಿಯ ಪಕ್ಕದಲ್ಲಿ ನಿಂತು ಸ್ವತಃ ಚಿಕಿತ್ಸೆ ಕೊಟ್ಟ 1,600 ಗಂಟೆಗಳ ಅನುಭವಕ್ಕೆ ಪುರಾವೆ. ಓದಿನ ಕಾಲದ ಕ್ಲಿನಿಕಲ್ ತರಬೇತಿಯೂ ಇದರಲ್ಲಿ ಸೇರುತ್ತದೆ. ಕಾಲೇಜಿನ ಕಚೇರಿಯಿಂದ ಈ ಗಂಟೆಗಳ ಪತ್ರ ಪಡೆಯುವುದು ಎಷ್ಟೋ ಜನರಿಗೆ ಪರೀಕ್ಷೆಗಿಂತ ಕಷ್ಟವಾಗುತ್ತದೆ. ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಹೊರಡುವ ಮುನ್ನವೇ ಬರೆಸಿಕೊಂಡುಬಿಡಿ.

ಭಾಗ 1ರಲ್ಲಿ ಎರಡು ಪತ್ರಿಕೆಗಳು, ಕಂಪ್ಯೂಟರಿನಲ್ಲಿ ಉತ್ತರಿಸಬೇಕು. ಮೊದಲನೆಯದು ದಂತವಿಜ್ಞಾನ ಮತ್ತು ಮಾನವ ರೋಗಗಳ ಕ್ಲಿನಿಕಲ್ ಅನ್ವಯ. ಎರಡನೆಯದು ಕ್ಲಿನಿಕಲ್ ದಂತವೈದ್ಯಕೀಯ, ಕಾನೂನು ಮತ್ತು ನೀತಿ, ಆರೋಗ್ಯ ಮತ್ತು ಸುರಕ್ಷತೆ. ಕಾನೂನು ಮತ್ತು ನೀತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೋಗಿಯ ಒಪ್ಪಿಗೆ, ಗೋಪ್ಯತೆ, ದೂರು ಬಂದಾಗ ನಡೆದುಕೊಳ್ಳುವ ರೀತಿ ಇವೆಲ್ಲ ಬ್ರಿಟನ್ನಿನ ನಿಯಮಗಳ ಪ್ರಕಾರವೇ ಇರಬೇಕು, ನಾವು ಕಲಿತ ರೂಢಿಯ ಪ್ರಕಾರವಲ್ಲ.

ಭಾಗ 2 ಕೈಗೆ ಪರೀಕ್ಷೆ. ಅದರಲ್ಲಿ ನಾಲ್ಕು ಅಂಗಗಳು: ಮಾನವನ ತಲೆಯಾಕಾರದ ಮ್ಯಾನಿಕಿನ್ ಮೇಲೆ ಕೆಲಸ, ಮೇಜಿನಿಂದ ಮೇಜಿಗೆ ಹೋಗಿ ಒಂದೊಂದು ಕಡೆ ಒಂದೊಂದು ಕೆಲಸ ಮಾಡಿ ತೋರಿಸುವ ಒಎಸ್‌ಸಿಇ, ರೋಗನಿರ್ಣಯ ಮತ್ತು ಚಿಕಿತ್ಸಾ ಯೋಜನೆ, ವೈದ್ಯಕೀಯ ತುರ್ತು. ಒಳ್ಳೆಯ ಕೈಯಿರುವ ವೈದ್ಯರೂ ಎಡವುವುದು ಮ್ಯಾನಿಕಿನ್‌ನಲ್ಲಿ. ಪ್ಲಾಸ್ಟಿಕ್ ಹಲ್ಲಿಗೂ ನಿಜವಾದ ಎನಾಮಲ್ಲಿಗೂ ಹಲ್ಲು ಕೊರೆಯುವ ಬರ್‌ನ ಸ್ಪರ್ಶವೇ ಬೇರೆ. ಒತ್ತಡ ಸ್ವಲ್ಪ ಹೆಚ್ಚಾದರೂ ಅಗತ್ಯಕ್ಕಿಂತ ಹೆಚ್ಚು ಕೊರೆದುಹೋಗುತ್ತದೆ. ಜೊತೆಗೆ ಮ್ಯಾನಿಕಿನ್‌ನ ತಲೆಯನ್ನು ನಿಜವಾದ ರೋಗಿಯ ತಲೆ ಎಂದೇ ಭಾವಿಸಬೇಕು. ಕುತ್ತಿಗೆಯನ್ನು ಅಸಾಧ್ಯ ಕೋನಕ್ಕೆ ತಿರುಗಿಸಿದರೆ, ಪಕ್ಕದ ಹಲ್ಲಿಗೆ ಗೀರು ಬಿದ್ದರೆ ಪರೀಕ್ಷಕರ ಕಣ್ಣು ತಪ್ಪುವುದಿಲ್ಲ. ವರ್ಷಗಟ್ಟಲೆ ರೋಗಿಗಳನ್ನು ನೋಡಿದವರು ಮತ್ತೆ ಮ್ಯಾನಿಕಿನ್ ಮುಂದೆ ಕೂತು ಅಭ್ಯಾಸ ಮಾಡಲು ಸಂಕೋಚಪಡುತ್ತಾರೆ. ಆ ಸಂಕೋಚ ಬಿಡಿ.

ಪ್ರತಿ ಭಾಗಕ್ಕೆ ಗರಿಷ್ಠ ನಾಲ್ಕು ಪ್ರಯತ್ನ. ಭಾಗ 1ನ್ನು ಮೊದಲ ಬಾರಿ ಬರೆದ ದಿನದಿಂದ ಐದು ವರ್ಷದೊಳಗೆ ಭಾಗ 2 ಪಾಸಾಗಬೇಕು. ಕೋವಿಡ್ ಕಾಲದಲ್ಲಿ ಪರೀಕ್ಷೆ ನಿಂತದ್ದರಿಂದ ಸಾವಿರಾರು ಅಭ್ಯರ್ಥಿಗಳ ಸರತಿ ಬೆಳೆಯಿತು. ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಜಾಗಗಳು ಮುಗಿಯುವುದನ್ನು ಅಭ್ಯರ್ಥಿಗಳು ಇಂದಿಗೂ ನೋವಿನಿಂದ ಹೇಳುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದು. ಒಂದು ಕಡೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ದಂತವೈದ್ಯರು ಸಿಗದೆ ರೋಗಿಗಳು ಅಲೆಯುತ್ತಿದ್ದಾರೆ, ಇನ್ನೊಂದು ಕಡೆ ತರಬೇತಾದ ಕೈಗಳು ಪರೀಕ್ಷೆಯ ಜಾಗಕ್ಕಾಗಿ ಕಾಯುತ್ತಿವೆ.

ಪರೀಕ್ಷೆ ಬರೆಯಲು ಹೋಗುವಾಗ ಯಾವ ವೀಸಾ?

ಸಾಮಾನ್ಯ ಸಂದರ್ಶಕ ವೀಸಾ, ಅಂದರೆ ಸ್ಟ್ಯಾಂಡರ್ಡ್ ವಿಸಿಟರ್, ಸಾಕು. ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಇದೇ ವೀಸಾದಲ್ಲಿ ದಂತ ಚಿಕಿತ್ಸಾಲಯದಲ್ಲಿ ವೀಕ್ಷಕರಾಗಿ ಕೂರಲೂ ಅವಕಾಶವಿದೆ, ಆದರೆ ಸಂಬಳ ಪಡೆಯುವಂತಿಲ್ಲ, ರೋಗಿಗಳಿಗೆ ಚಿಕಿತ್ಸೆ ಕೊಡುವಂತಿಲ್ಲ. ಸಕ್ಷನ್ ಹಿಡಿಯಲು ಯಾರಾದರೂ ವಿಶ್ವಾಸದಿಂದ ಕರೆದರೂ ನಯವಾಗಿ ನಿರಾಕರಿಸಿ. ಪಾಸಾದ ಮೇಲೆ ಅಲ್ಲೇ ಕುಳಿತು ಕೆಲಸದ ವೀಸಾಗೆ ಬದಲಾಯಿಸಿಕೊಳ್ಳಲು ಸಾಧ್ಯವಿಲ್ಲ. ಹಿಂದಿರುಗಿ ಹೊರಗಿನಿಂದಲೇ ಅರ್ಜಿ ಹಾಕಬೇಕು.

ಅಲ್ಲಿಯೇ ಎಂಎಸ್‌ಸಿ ಮಾಡಿದರೆ ನೋಂದಣಿ ಸುಲಭವಾಗುತ್ತದೆಯೇ?

ಇಲ್ಲ. ಈ ತಪ್ಪು ತಿಳಿವಳಿಕೆಯಿಂದಾಗಿ ಖರ್ಚಾಗುವಷ್ಟು ಹಣ ಬೇರೆ ಯಾವುದರಿಂದಲೂ ಖರ್ಚಾಗುವುದಿಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯದ ಇಂಪ್ಲಾಂಟ್ ಅಥವಾ ಆರ್ಥೊಡಾಂಟಿಕ್ಸ್ ಎಂಎಸ್‌ಸಿ ಜಿಡಿಸಿ ನೋಂದಣಿಗೆ ಅರ್ಹತೆ ಕೊಡುವುದಿಲ್ಲ. ವಿದ್ಯಾರ್ಥಿ ವೀಸಾ ಬರುತ್ತದೆ, ಮುಗಿದ ಮೇಲೆ ಗ್ರಾಜುಯೇಟ್ ವೀಸಾದಲ್ಲಿ ಸ್ವಲ್ಪ ಕಾಲ ಇರಲೂಬಹುದು, ಆದರೆ ದಂತವೈದ್ಯರಾಗಿ ಕೆಲಸ ಮಾಡಬೇಕಾದರೆ ಒಆರ್‌ಇ ಅಥವಾ ಎಲ್‌ಡಿಎಸ್ ಬಿಡುವಂತಿಲ್ಲ. ಗ್ರಾಜುಯೇಟ್ ವೀಸಾದ ಅವಧಿ ಈಗ ಎರಡು ವರ್ಷ, 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರರಿಗೆ 18 ತಿಂಗಳು. ವಿಷಯ ಇಷ್ಟವಾಗಿ ಓದುವವರು ಖಂಡಿತ ಓದಿ, ನೋಂದಣಿಯ ಆಸೆಗೆ ಓದಬೇಡಿ.

ನಾನು ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ ಪದವಿ) ಮಾಡಿದ್ದೇನೆ. ನನಗೆ ರಿಯಾಯಿತಿ ಇದೆಯೇ?

ಪೂರ್ಣ ನೋಂದಣಿಯ ವಿಷಯದಲ್ಲಿ ಇಲ್ಲ. ಜಿಡಿಸಿಯಲ್ಲಿ 13 ವಿಶೇಷ ವಿಭಾಗಗಳ ತಜ್ಞರ ಪಟ್ಟಿಗಳಿವೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರು ತಮ್ಮನ್ನು ತಜ್ಞರೆಂದು ಕರೆದುಕೊಳ್ಳುವಂತಿಲ್ಲ, ಪಟ್ಟಿಗೆ ಸೇರಲು ಮೊದಲು ದಂತವೈದ್ಯರಾಗಿ ನೋಂದಣಿಯಾಗಿರಬೇಕು.

ಆದರೆ ಎಂಡಿಎಸ್ ಮಾಡಿದವರು ಗಮನಿಸದೆ ಬಿಡುವ ಒಂದು ದಾರಿ ಇದೆ: ತಾತ್ಕಾಲಿಕ ನೋಂದಣಿ. ಆಸ್ಪತ್ರೆ ಅಥವಾ ಬೋಧನಾ ಸಂಸ್ಥೆಯ ಮೇಲ್ವಿಚಾರಣೆಯಿರುವ, ಜಿಡಿಸಿ ಒಪ್ಪಿದ ನಿರ್ದಿಷ್ಟ ಹುದ್ದೆಯಲ್ಲಿ ತರಬೇತಿ, ಬೋಧನೆ ಅಥವಾ ಸಂಶೋಧನೆಗಾಗಿ ಇದನ್ನು ಕೊಡುತ್ತಾರೆ. ಒಆರ್‌ಇ ಬೇಕಿಲ್ಲ, ಇಂಗ್ಲಿಷ್ ಪುರಾವೆ ಬೇಕು. ನೋಂದಣಿ ಆ ಹುದ್ದೆಗೆ ಮಾತ್ರ ಅಂಟಿಕೊಂಡಿರುತ್ತದೆ. ಹೊರಗಿನ ಖಾಸಗಿ ಚಿಕಿತ್ಸಾಲಯದಲ್ಲಿ ಸಂಜೆ ಕೆಲಸ ಮಾಡಲು ಬರುವುದಿಲ್ಲ. ಮುಖದವಡೆ ಶಸ್ತ್ರಚಿಕಿತ್ಸೆಯಂಥ ಆಸ್ಪತ್ರೆ ವಿಭಾಗಗಳಲ್ಲಿ ಅನುಭವ ಪಡೆಯುತ್ತಲೇ ಪರೀಕ್ಷೆಗೆ ಓದಲು ಇದು ಗೌರವಯುತ ಮಾರ್ಗ.

ಹೆಲ್ತ್ ಆ್ಯಂಡ್ ಕೇರ್ ವರ್ಕರ್ ವೀಸಾಗೂ ಸ್ಕಿಲ್ಡ್ ವರ್ಕರ್ ವೀಸಾಗೂ ಏನು ವ್ಯತ್ಯಾಸ?

ಎರಡೂ ಉದ್ಯೋಗದಾತರ ಪ್ರಾಯೋಜಕತ್ವದ ಮೇಲೆ ಸಿಗುವ ಕೆಲಸದ ವೀಸಾಗಳು. ಮೂಲ ಒಂದೇ, ಹಣದ ಲೆಕ್ಕ ಬೇರೆ. ಬ್ರಿಟನ್ನಿನ ವೃತ್ತಿ ಪಟ್ಟಿಯಲ್ಲಿ ದಂತವೈದ್ಯರ ಸಂಕೇತ 2253, ಎರಡೂ ದಾರಿಗಳಿಗೆ ಅರ್ಹ. ಹೆಲ್ತ್ ಆ್ಯಂಡ್ ಕೇರ್ ವೀಸಾ 2020ರ ಆಗಸ್ಟ್‌ನಲ್ಲಿ ಬಂತು. ಅದಕ್ಕೆ ನಿಮ್ಮ ಉದ್ಯೋಗದಾತರು ಎನ್‌ಎಚ್‌ಎಸ್ ಆಗಿರಬೇಕು, ಇಲ್ಲವೇ ಎನ್‌ಎಚ್‌ಎಸ್‌ಗೆ ವೈದ್ಯಕೀಯ ಸೇವೆ ಒದಗಿಸುವ ಸಂಸ್ಥೆಯಾಗಿರಬೇಕು. ಎನ್‌ಎಚ್‌ಎಸ್ ಒಪ್ಪಂದವಿರುವ ದಂತ ಚಿಕಿತ್ಸಾಲಯಗಳು ಈ ಸಾಲಿಗೆ ಬರುತ್ತವೆ. ಖಾಸಗಿ ರೋಗಿಗಳನ್ನು ಮಾತ್ರ ನೋಡುವ ಚಿಕಿತ್ಸಾಲಯ ಸಾಮಾನ್ಯ ಸ್ಕಿಲ್ಡ್ ವರ್ಕರ್ ದಾರಿಯಲ್ಲಿ ಕರೆಸಿಕೊಳ್ಳಬೇಕು.

ವ್ಯತ್ಯಾಸ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಸ್ಕಿಲ್ಡ್ ವರ್ಕರ್ ವೀಸಾದವರು ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು: 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 18ರೊಳಗಿನ ಮಕ್ಕಳಿಗೆ 776 ಪೌಂಡ್. ಗಂಡ, ಹೆಂಡತಿ, ಒಂದು ಮಗು ಐದು ವರ್ಷಕ್ಕೆ ಹೊರಟರೆ 14,230 ಪೌಂಡ್, ಅದೂ ಅರ್ಜಿಯ ಜೊತೆಯಲ್ಲೇ ಮುಂಗಡವಾಗಿ. ಹೆಲ್ತ್ ಆ್ಯಂಡ್ ಕೇರ್ ವೀಸಾದಲ್ಲಿ ಈ ಮೂವರಿಗೂ ಸರ್‌ಚಾರ್ಜ್ ಇಲ್ಲ, ವೀಸಾ ಶುಲ್ಕವೂ ಕಡಿಮೆ. ಸಂದರ್ಶನದಲ್ಲಿ ಎನ್‌ಎಚ್‌ಎಸ್ ಒಪ್ಪಂದವಿದೆಯೇ ಎಂದು ಕೇಳಲು ನಾಚಿಕೊಳ್ಳಬೇಡಿ.

ಸಂಬಳ ಎಷ್ಟಿರಬೇಕು?

ಸ್ಕಿಲ್ಡ್ ವರ್ಕರ್ ದಾರಿಯಲ್ಲಿ 2025ರ ಜುಲೈ 22ರಿಂದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್. ಆ ವೃತ್ತಿಯ ನಿಗದಿತ ದರ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದೇ ಅನ್ವಯ. ಹೊಸಬರು ಮತ್ತು ರಾಷ್ಟ್ರೀಯ ವೇತನ ಶ್ರೇಣಿಯ ಆರೋಗ್ಯ ಹುದ್ದೆಗಳಿಗೆ ಬೇರೆ ಲೆಕ್ಕವಿದೆ.

ಅಂಕಿಗಿಂತ ಮುಖ್ಯವಾದದ್ದು ಸಂಬಳದ ಸ್ವರೂಪ. ಬ್ರಿಟನ್ನಿನಲ್ಲಿ ಚಿಕಿತ್ಸಾಲಯಗಳ ಅಸೋಸಿಯೇಟ್ ದಂತವೈದ್ಯರು ಹೆಚ್ಚಾಗಿ ಸ್ವಉದ್ಯೋಗಿಗಳು. ಇಂಗ್ಲೆಂಡಿನ ಎನ್‌ಎಚ್‌ಎಸ್ ಕೆಲಸಕ್ಕೆ ಅವರ ಗಳಿಕೆ ಯುಡಿಎ ಎಂಬ ಘಟಕಗಳ ಮೇಲೆ ನಿಲ್ಲುತ್ತದೆ. ಸರಳ ತಪಾಸಣೆಗೆ ಒಂದು ಘಟಕ, ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಏಳು, ಕ್ರೌನ್ ಅಥವಾ ದಂತಪಂಕ್ತಿಗೆ ಹನ್ನೆರಡು. ವೀಸಾ ನಿಯಮ ಎಣಿಸುವುದು ಖಾತರಿಯಾದ ಮೂಲ ವೇತನವನ್ನು ಮಾತ್ರ. "ತಿಂಗಳಿಗೆ ಇಷ್ಟು ಯುಡಿಎ ಮಾಡಿದರೆ ಇಷ್ಟು ಬರುತ್ತದೆ" ಎಂಬ ಅಂದಾಜು ಅಲ್ಲಿ ಸಂಬಳವಲ್ಲ. ಕೆಲಸದ ಕರಾರಿನಲ್ಲಿ ಖಾತರಿ ಮೊತ್ತ ಎಷ್ಟು, ಗುರಿ ಮುಟ್ಟದಿದ್ದರೆ ಹಣ ಹಿಂದಕ್ಕೆ ಪಡೆಯುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮುನ್ನ ಓದಿ, ಬೇಕಾದರೆ ಎರಡು ಸಲ ಓದಿ.

ವೀಸಾಗೆ ಮತ್ತೆ ಇಂಗ್ಲಿಷ್ ಪರೀಕ್ಷೆ ಬರೆಯಬೇಕೇ?

ಬೇಕಿಲ್ಲ. 2026ರ ಜನವರಿ 8ರಿಂದ ಹೊಸ ಅರ್ಜಿದಾರರಿಗೆ ಭಾಷೆಯ ಮಟ್ಟವನ್ನು ಬಿ1ರಿಂದ ಬಿ2ಕ್ಕೆ ಏರಿಸಿದ್ದರೂ, ವೃತ್ತಿ ನಿಯಂತ್ರಣ ಸಂಸ್ಥೆ ಒಪ್ಪಿದ ಇಂಗ್ಲಿಷ್ ಪರೀಕ್ಷೆ ಪಾಸಾದ ದಂತವೈದ್ಯರು ಪ್ರತ್ಯೇಕ ಪರೀಕ್ಷೆ ಬರೆಯಬೇಕಿಲ್ಲ. ಜಿಡಿಸಿಗೆ ಕೊಟ್ಟ ಪುರಾವೆಯನ್ನು ಜೋಪಾನವಾಗಿಡಿ.

ಅರ್ಜಿಗೆ ಏನೇನು ಬೇಕು?

ಎಲ್ಲಕ್ಕಿಂತ ಮೊದಲು ಉದ್ಯೋಗದಾತರು ಕೊಡುವ ಪ್ರಾಯೋಜಕತ್ವ ಪ್ರಮಾಣಪತ್ರದ ಸಂಖ್ಯೆ. ಇದು ವೀಸಾ ನೋಡಿಕೊಳ್ಳುವ ಬ್ರಿಟನ್ ಗೃಹ ಕಚೇರಿಯ, ಅಂದರೆ ಹೋಮ್ ಆಫೀಸಿನ, ವ್ಯವಸ್ಥೆಯಲ್ಲಿರುವ ಎಲೆಕ್ಟ್ರಾನಿಕ್ ದಾಖಲೆ. ಬಣ್ಣದ ಮುದ್ರೆಯಿರುವ ಕಾಗದ ತೋರಿಸಿ ಹಣ ಕೇಳುವವರನ್ನು ನಂಬಬೇಡಿ. ಸಂಖ್ಯೆ ಸಿಕ್ಕ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಭಾರತದಿಂದ ಹೋಗುವವರಿಗೆ ಮಾನ್ಯ ಕ್ಲಿನಿಕ್‌ನ ಕ್ಷಯರೋಗ ಪರೀಕ್ಷಾ ಪ್ರಮಾಣಪತ್ರ ಬೇಕು, ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಕಳೆದ ಹತ್ತು ವರ್ಷಗಳಲ್ಲಿ, 18 ತುಂಬಿದ ಮೇಲೆ, ಒಟ್ಟು ಹನ್ನೆರಡು ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರವೂ ಬೇಕು. ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದವರಿಗೆ ತಡವಾಗುವುದು ಇಲ್ಲಿಯೇ, ಬೇಗ ಶುರುಮಾಡಿ. ಕೈಯಲ್ಲಿ 1,270 ಪೌಂಡ್ 28 ದಿನ ಇದ್ದದ್ದಕ್ಕೆ ಬ್ಯಾಂಕ್ ದಾಖಲೆ ಬೇಕು, ಪ್ರಾಯೋಜಕರು ಆ ಜವಾಬ್ದಾರಿ ಹೊತ್ತಿದ್ದರೆ ಬೇಡ. ಹೊರಗಿನಿಂದ ಹಾಕಿದ ಅರ್ಜಿಗೆ ಸಾಮಾನ್ಯವಾಗಿ ಮೂರು ವಾರಗಳಲ್ಲಿ ನಿರ್ಧಾರ ಬರುತ್ತದೆ.

ವೀಸಾದ ಭಾಗವಲ್ಲದಿದ್ದರೂ, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಮತ್ತು ರಕ್ತಪರೀಕ್ಷೆಗಳನ್ನು ಉದ್ಯೋಗದಾತರು ಕೇಳುತ್ತಾರೆ. ವೃತ್ತಿ ಹೊಣೆಗಾರಿಕೆಯ ವಿಮೆಯಿಲ್ಲದೆ ಮೊದಲ ರೋಗಿಯನ್ನೂ ನೋಡುವಂತಿಲ್ಲ.

ವೀಸಾ, ನೋಂದಣಿ ಎರಡೂ ಬಂತು. ನಾಳೆಯೇ ಎನ್‌ಎಚ್‌ಎಸ್ ರೋಗಿಗಳನ್ನು ನೋಡಬಹುದೇ?

ಇನ್ನೊಂದು ಹೊಸ್ತಿಲು ಉಳಿದಿದೆ. ಇಂಗ್ಲೆಂಡಿನ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ಎನ್‌ಎಚ್‌ಎಸ್ ಚಿಕಿತ್ಸೆ ಕೊಡಲು ಪರ್ಫಾರ್ಮರ್ಸ್ ಲಿಸ್ಟ್‌ನಲ್ಲಿ ಹೆಸರಿರಬೇಕು. ಹೊರದೇಶದಲ್ಲಿ ಓದಿದವರು ಇದಕ್ಕೆ ಸಾಮಾನ್ಯವಾಗಿ ಪಿಎಲ್‌ವಿಇ ಎಂಬ ಮೇಲ್ವಿಚಾರಣೆಯ ಅವಧಿಯನ್ನು ದಾಟುತ್ತಾರೆ. ಅದಕ್ಕೆ ಮಾರ್ಗದರ್ಶಕ ದಂತವೈದ್ಯರಿರುವ ಚಿಕಿತ್ಸಾಲಯ ಸಿಗಬೇಕು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ತಮ್ಮದೇ ಪಟ್ಟಿಗಳಿವೆ. ಕೆಲಸ ಒಪ್ಪುವ ಮುನ್ನ "ನನ್ನ ಮಾರ್ಗದರ್ಶಕರು ಯಾರು, ಅವರು ವಾರದಲ್ಲಿ ಎಷ್ಟು ದಿನ ಅದೇ ಕಟ್ಟಡದಲ್ಲಿ ಇರುತ್ತಾರೆ?" ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ಚಿಕಿತ್ಸಾಲಯ ನಿಮಗೆ ತಕ್ಕುದಲ್ಲ.

ಪ್ರಾಯೋಜಕರು ನಿಜವಾದವರೇ ಎಂದು ತಿಳಿಯುವುದು ಹೇಗೆ? ಏಜೆಂಟರಿಗೆ ಹಣ ಕೊಡಬೇಕೇ?

ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿಯನ್ನು ಬ್ರಿಟನ್ ಗೃಹ ಕಚೇರಿ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹೆಸರು ಅಲ್ಲಿಲ್ಲದಿದ್ದರೆ ಪ್ರಾಯೋಜಕತ್ವವೂ ಇಲ್ಲ. ಇಂಗ್ಲೆಂಡಿನ ಚಿಕಿತ್ಸಾಲಯವಾದರೆ ಕೇರ್ ಕ್ವಾಲಿಟಿ ಕಮಿಷನ್‌ನ ನೋಂದಣಿಯೂ ಇರಬೇಕು, ಅದರ ತಪಾಸಣಾ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಮಾಲೀಕರ ಜಿಡಿಸಿ ಸಂಖ್ಯೆಯನ್ನೂ ಹುಡುಕಿ ನೋಡಿ. ಈ ಮೂರು ಹುಡುಕಾಟಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕೆಲಸ ಹುಡುಕಿಕೊಟ್ಟದ್ದಕ್ಕೆ ಅಭ್ಯರ್ಥಿಯಿಂದ ಹಣ ಪಡೆಯುವುದನ್ನು ಬ್ರಿಟನ್ನಿನಲ್ಲಿ 1973ರ ಉದ್ಯೋಗ ಏಜೆನ್ಸಿಗಳ ಕಾಯ್ದೆ ನಿಷೇಧಿಸಿದೆ. ಏಜೆನ್ಸಿಯ ಸಂಭಾವನೆ ಉದ್ಯೋಗದಾತರ ಹೊಣೆ. ಉದ್ಯೋಗದಾತರು ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಅನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ. 2024ರ ಡಿಸೆಂಬರ್ 31ರಿಂದ ಪರವಾನಗಿ ಶುಲ್ಕವನ್ನೂ ಪ್ರಮಾಣಪತ್ರದ ಶುಲ್ಕವನ್ನೂ ಸ್ಕಿಲ್ಡ್ ವರ್ಕರ್‌ಗಳಿಂದ ವಸೂಲಿ ಮಾಡುವಂತಿಲ್ಲ. ಪ್ರಮಾಣಪತ್ರಕ್ಕೆ ಲಕ್ಷಗಟ್ಟಲೆ ಕೇಳುವವರು ಮಾರುತ್ತಿರುವುದು ಕೆಲಸವನ್ನಲ್ಲ, ನಿಮ್ಮ ಆತಂಕವನ್ನು. ಕೆಲವು ಕರಾರುಗಳಲ್ಲಿ "ಎರಡು ವರ್ಷದೊಳಗೆ ಬಿಟ್ಟರೆ ಖರ್ಚು ಹಿಂದಿರುಗಿಸಬೇಕು" ಎಂಬ ಷರತ್ತಿರುತ್ತದೆ. ಯಾವ ಖರ್ಚು, ಎಷ್ಟು, ತಿಂಗಳು ಕಳೆದಂತೆ ಅದು ಇಳಿಯುತ್ತದೆಯೇ ಎಂಬುದು ಬರಹದಲ್ಲಿರಲಿ.

ಹೆಂಡತಿ, ಗಂಡ, ಮಕ್ಕಳನ್ನು ಕರೆದೊಯ್ಯಬಹುದೇ?

ಹೌದು. 2024ರ ಮಾರ್ಚ್ 11ರಿಂದ ಕುಟುಂಬ ಕರೆತರುವುದನ್ನು ನಿಲ್ಲಿಸಿದ್ದು ಆರೈಕೆ ಕೆಲಸಗಾರರಿಗೆ, ದಂತವೈದ್ಯರಿಗಲ್ಲ. ಸುದ್ದಿಯ ತಲೆಬರಹ ನೋಡಿ ಗಾಬರಿಯಾದವರು ಬಹಳ. ಸಂಗಾತಿ ಬಹುತೇಕ ಎಲ್ಲ ಕೆಲಸಗಳನ್ನೂ ಮಾಡಬಹುದು.

ಒಆರ್‌ಇ ಆಗುವ ತನಕ ಡೆಂಟಲ್ ನರ್ಸ್ ಆಗಿ ಹೋಗಬಹುದೇ?

ಹಿಂದೆ ಬಹಳ ಮಂದಿ ಹಾಗೆ ಹೋದರು, ಹೈಜೀನಿಸ್ಟ್, ಥೆರಪಿಸ್ಟ್ ಆಗಿಯೂ ನೋಂದಾಯಿಸಿಕೊಂಡರು. ಈಗ ಎರಡು ಕಡೆಯಿಂದಲೂ ದಾರಿ ಮುಚ್ಚಿದೆ. 2023ರ ಮಾರ್ಚ್ 8ರಿಂದ ಹೊರದೇಶದ ದಂತವೈದ್ಯ ಪದವಿಯ ಆಧಾರದ ಮೇಲೆ ಸಹಾಯಕ ವೃತ್ತಿಗಳ ಪಟ್ಟಿಗೆ ಸೇರಲು ಬರುವುದಿಲ್ಲ. 2025ರ ಜುಲೈ 22ರಿಂದ ಪ್ರಾಯೋಜಿತ ವೀಸಾಗಳ ಕೌಶಲ ಮಟ್ಟ ಪದವಿಗೆ ಏರಿದ್ದರಿಂದ ಹೊಸಬರಿಗೆ ಡೆಂಟಲ್ ನರ್ಸ್ ಹುದ್ದೆಯಲ್ಲಿ ವೀಸಾ ಸಿಗುವುದಿಲ್ಲ. ಹಳೆಯ ವೀಡಿಯೊಗಳನ್ನು ನೋಡಿ ಯೋಜನೆ ಹಾಕುವವರು ಅದರ ದಿನಾಂಕ ನೋಡಿ.

ಕೆಲಸ ಬದಲಿಸಬೇಕೆನಿಸಿದರೆ? ಕೆಲಸ ಹೋದರೆ?

ಹೊಸ ಪ್ರಾಯೋಜಕರ ಪ್ರಮಾಣಪತ್ರ ಪಡೆದು, ಹೊಸ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಬದಲಿಸಬೇಕು. ಪ್ರಾಯೋಜಕತ್ವ ಕೊನೆಗೊಂಡರೆ ಗೃಹ ಕಚೇರಿ ಸಾಮಾನ್ಯವಾಗಿ 60 ದಿನಕ್ಕೆ ವೀಸಾ ಮೊಟಕು ಮಾಡುತ್ತದೆ, ಅಷ್ಟರಲ್ಲಿ ಹೊಸ ಕೆಲಸ ಹುಡುಕಬೇಕು ಅಥವಾ ಹೊರಡಬೇಕು. ಕಿರುಕುಳ ಸಹಿಸಿಕೊಂಡು ಕೂರಲು ಇದೇ ಕಾರಣವೆಂದು ಹಲವರು ಹೇಳುತ್ತಾರೆ. ಜಿಡಿಸಿ ನೋಂದಣಿ ನಿಮ್ಮದು, ಚಿಕಿತ್ಸಾಲಯದ್ದಲ್ಲ, ಅದನ್ನು ಯಾವ ಮಾಲೀಕರೂ ಕಿತ್ತುಕೊಳ್ಳಲಾರರು. ದಂತವೈದ್ಯರ ಕೊರತೆಯಿರುವ ದೇಶದಲ್ಲಿ ಅದರ ಬೆಲೆ ದೊಡ್ಡದು. ಬಿಡುವ ಮುನ್ನವೇ ಮತ್ತೊಂದು ಕಡೆ ಮಾತನಾಡಿಟ್ಟುಕೊಳ್ಳಿ. ನೋಂದಣಿ ಉಳಿಯಲು ವಾರ್ಷಿಕ ಶುಲ್ಕ ಕಟ್ಟಬೇಕು, ಐದು ವರ್ಷದ ಚಕ್ರದಲ್ಲಿ 100 ಗಂಟೆಗಳ ದೃಢೀಕೃತ ವೃತ್ತಿ ಕಲಿಕೆ ಮುಗಿಸಬೇಕು.

ಶಾಶ್ವತ ವಾಸಕ್ಕೆ ಎಷ್ಟು ವರ್ಷ?

ಈವರೆಗಿನ ನಿಯಮದಲ್ಲಿ ಐದು ವರ್ಷ, ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು, ಲೈಫ್ ಇನ್ ದ ಯುಕೆ ಪರೀಕ್ಷೆ ಪಾಸಾಗಬೇಕು. 2025ರ ಮೇ ತಿಂಗಳ ಸರ್ಕಾರಿ ಶ್ವೇತಪತ್ರ ಸಾಮಾನ್ಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ಮನೆ ಸಾಲ, ಮಕ್ಕಳ ಓದಿನಂಥ ದೊಡ್ಡ ತೀರ್ಮಾನಗಳನ್ನು ಐದು ವರ್ಷದ ಲೆಕ್ಕದ ಮೇಲೆ ಮಾತ್ರ ನಿಲ್ಲಿಸಬೇಡಿ.

ಜಿಡಿಸಿ ನೋಂದಣಿ ಇದ್ದರೆ ಡಬ್ಲಿನ್‌ನಲ್ಲಿ ಕೆಲಸ ಮಾಡಬಹುದೇ?

ಇಲ್ಲ. ಐರ್ಲೆಂಡ್ ಗಣರಾಜ್ಯ ಬೇರೆ ದೇಶ, ಅಲ್ಲಿನ ಡೆಂಟಲ್ ಕೌನ್ಸಿಲ್ ಬೇರೆ, ವೀಸಾವೂ ಬೇರೆ. ಜಿಡಿಸಿಯ ವ್ಯಾಪ್ತಿ ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡಿನ ಗಡಿಗೆ ಮುಗಿಯುತ್ತದೆ.